ನೀರಿಂಗಿದ ಮೇಲಿನ ಘಮ

ಸಂಜೆ ಹೊತ್ತು ಬೆಂಗಳೂರಿನ ಶಿವಾಜಿನಗರದ ಕಬಾಬ್ ಅಂಗಡಿಗಳ ಮುಂದೆ ಹಾದುಹೋದವರಿಗೆಲ್ಲ ಗೊತ್ತಿರುವ ಸಂಗತಿ ಇದು. ಸರಳಿಗೆ ಮೆತ್ತಿದ ಕೈಮಾ ಕೆಂಡದ ಮೇಲೆ ಕೆಲವೇ ನಿಮಿಷಗಳಲ್ಲಿ ಕೆಂಪಗಾಗುತ್ತದೆ, ಅದರ ಘಮ ರಸ್ತೆಯ ಆಚೆ ಬದಿಗೂ ಹಬ್ಬುತ್ತದೆ. ಅದೇ ಪೇಟೆಯಿಂದ ಅದೇ ಕೈಮಾವನ್ನು ಮನೆಗೆ ತಂದು, ಬಾಣಲೆಗೆ ಹಾಕಿ, ಉರಿ ಜೋರು ಮಾಡಿ ನೋಡಿ. ಎರಡು ನಿಮಿಷಕ್ಕೆ ಬೂದು ಬಣ್ಣಕ್ಕೆ ತಿರುಗಿ, ತನ್ನದೇ ನೀರಿನಲ್ಲಿ ಗುಳುಗುಳು ಕುದಿಯತೊಡಗುತ್ತದೆ.

ಮಾಂಸ ಒಂದೇ, ಉಪ್ಪು ಖಾರವೂ ಹೆಚ್ಚುಕಡಿಮೆ ಒಂದೇ. ಮನೆಯ ಒಲೆಯೇನೂ ತಣ್ಣಗಿಲ್ಲ. ಆದರೂ ಅಲ್ಲಿ ಘಮ, ಇಲ್ಲಿ ಬರೀ ಬೇಯಿಸಿದ ಮಾಂಸದ ಸಪ್ಪೆ ವಾಸನೆ. ಮಸಾಲೆ ಸರಿಬೀಳಲಿಲ್ಲವೆಂದು ಕೆಲವರು, ಅಂಗಡಿಯವರದು ಏನೋ ಗುಟ್ಟು ಇದೆಯೆಂದು ಕೆಲವರು ಹೇಳುತ್ತಾರೆ. ಗುಟ್ಟಂತೂ ಇದೆ, ಆದರೆ ಅದು ಮಸಾಲೆ ಡಬ್ಬಿಯಲ್ಲಿಲ್ಲ.

ಈಗ ಈ ಒಗಟು ಹೊಸ ಅಡುಗೆಯೊಂದರ ಜೊತೆ ಮತ್ತೆ ಮನೆಮನೆಗೆ ಬಂದಿದೆ. ಕೊರಿಯಾದ ಧಾರಾವಾಹಿ ನೋಡುವ ಮಕ್ಕಳು ಅಲ್ಲಿನ ಊಟ ಬೇಕೆನ್ನುತ್ತಾರೆ. ಇಂದಿರಾನಗರದ ದೊಡ್ಡ ಅಂಗಡಿಗಳ ಕಪಾಟಿನಲ್ಲಿ ಗೋಚುಜಾಂಗ್ ಎಂಬ, ಹುದುಗಿಸಿದ ಮೆಣಸಿನಕಾಯಿ ಪೇಸ್ಟಿನ ಕೆಂಪು ಡಬ್ಬಿ ಸಿಗುತ್ತದೆ. ಬಿಸಿ ಅನ್ನ, ಮೇಲೆ ಸಿಹಿ ಖಾರ ಬೆರೆತ ಕೈಮಾ, ಅದರ ಮೇಲೆ ಹುರಿದ ಎಳ್ಳು, ಈರುಳ್ಳಿ ಸೊಪ್ಪು: ಇಷ್ಟೇ ಊಟ. ತೆಳ್ಳಗೆ ಕೊಯ್ದ ದನದ ಮಾಂಸವನ್ನು ಸೋಯಾ ಸಾಸ್, ಬೆಳ್ಳುಳ್ಳಿ, ಸಕ್ಕರೆ, ಪೇರ್ ಹಣ್ಣಿನ ರಸದಲ್ಲಿ ನೆನೆಸಿ ಕೊರಿಯಾದವರು ಸುಡುವ ಬುಲ್ಗೋಗಿ ಎಂಬ ಖಾದ್ಯವನ್ನು ಮನೆಯೊಲೆಗೆ ಇಳಿಸಿದ ಚುಟುಕು ರೂಪ ಇದು. ಕೆ.ಆರ್. ಪುರಂ ಕಡೆಯ ವಾಹನ ಸಾಲು ದಾಟಿ ದಣಿದು ಬಂದವರೂ ಅರ್ಧ ಗಂಟೆಯೊಳಗೆ ಮಾಡಿ ಉಣ್ಣಬಹುದು.

ಈ ಅಡುಗೆಯನ್ನೇ ಒಲೆಯ ಮೇಲಿಟ್ಟುಕೊಂಡು ಒಗಟು ಬಿಡಿಸೋಣ. ನಮ್ಮ ಕೈಮಾ ಸಾರಿನಲ್ಲಾದರೆ ಕಾಯಿ, ಗಸಗಸೆ, ಚಕ್ಕೆ, ಲವಂಗ ಎಲ್ಲ ಇರುತ್ತವೆ. ಮಾಂಸ ಸರಿಯಾಗಿ ಹುರಿಯದಿದ್ದರೂ ಅವು ಕೈಹಿಡಿದು ನಡೆಸುತ್ತವೆ. ಈ ಕೊರಿಯನ್ ಊಟಕ್ಕೆ ಹಾಗೆ ಕೈಹಿಡಿಯುವವರಿಲ್ಲ. ಮಾಂಸ ಹುರಿದ ರೀತಿಯಲ್ಲೇ ಎಲ್ಲವೂ ಇದೆ.

ಪೇಟೆಯಲ್ಲಿ ಸಿಗುವ ಮಾಂಸ

1809ರಲ್ಲಿ ಬ್ರಿಟಿಷರ ಸೇನೆ ಶ್ರೀರಂಗಪಟ್ಟಣ ಬಿಟ್ಟು ಬೆಂಗಳೂರಿಗೆ ಬಂದು ನೆಲೆಸಿದ ಮೇಲೆ ದಂಡು ಪ್ರದೇಶ ಬೆಳೆಯಿತು. ಅದರ ಜೊತೆಗೆ ಮಾಂಸದ ವ್ಯಾಪಾರವೂ ಬೆಳೆಯಿತು. 1927ರಲ್ಲಿ ಕಟ್ಟಿದ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಸುತ್ತಮುತ್ತ ಇವತ್ತಿಗೂ ಬೆಳಗಿನಿಂದಲೇ ಜನ. ಇಲ್ಲಿ ಬೀಫ್ ಎಂದು ಕೇಳಿದರೆ ಕಾನೂನುಬದ್ಧವಾಗಿ ಸಿಗುವುದು ಎಮ್ಮೆ ಅಥವಾ ಕೋಣದ ಮಾಂಸ, ಅದೂ ಮುದಿಯಾದದ್ದು. ರಾಜ್ಯದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ ಹಸು, ಕರು, ಎತ್ತು, ಗೂಳಿಗಳ ಹತ್ಯೆಯನ್ನು ಪೂರ್ತಿ ನಿಷೇಧಿಸಿದೆ. 13 ವರ್ಷ ದಾಟಿದ ಎಮ್ಮೆ, ಕೋಣಗಳಿಗೆ ಮಾತ್ರ ವಿನಾಯಿತಿ.

ಈ 13 ವರ್ಷ ಎಂಬುದು ಅಡುಗೆಮನೆಯ ವಿಜ್ಞಾನಕ್ಕೂ ಬಹಳ ದೊಡ್ಡ ಸಂಖ್ಯೆ. ಮಾಂಸದ ಎಳೆಗಳನ್ನು ಕಟ್ಟಿಹಿಡಿದಿರುವುದು ಒಂದು ಬಗೆಯ ಗಟ್ಟಿ ಪ್ರೋಟೀನು. ಅದನ್ನು ಅಂಟುನಾರು ಎನ್ನೋಣ, ಕೊಲ್ಯಾಜೆನ್ ಎಂಬುದು ಅದರ ಶಾಸ್ತ್ರೀಯ ಹೆಸರು. ಎಳೆಯ ಪ್ರಾಣಿಯಲ್ಲಿ ಈ ನಾರುಗಳ ನಡುವೆ ಬೆಸುಗೆ ಕಡಿಮೆ. ಬಿಸಿ ತಾಗಿದರೆ ಬೇಗ ಕರಗಿ ಅಂಟಾಗುತ್ತದೆ, ಕಾಲು ಸೂಪಿನಲ್ಲಿ ತುಟಿಗೆ ಅಂಟುವುದು ಅದೇ. ವಯಸ್ಸಾದಂತೆ ನಾರಿನಿಂದ ನಾರಿಗೆ ಬೆಸುಗೆ ಹೆಚ್ಚುತ್ತ ಹೋಗುತ್ತದೆ, ಮುದಿ ಕೋಣದ ತೊಡೆಯ ತುಂಡು ಗಂಟೆಗಟ್ಟಲೆ ಬೆಂದರೂ ಜಗ್ಗುವುದಿಲ್ಲ. ಕುಕ್ಕರ್ ಸೀಟಿಯ ಲೆಕ್ಕ ಏರುವುದು ಇದಕ್ಕೇ. ಬುಲ್ಗೋಗಿಗೆ ಕೊರಿಯಾದವರು ಬಳಸುವಂಥ ಮೆತ್ತನೆಯ ಮಾಂಸ ನಮ್ಮ ಪೇಟೆಯಲ್ಲಿ ಸಿಗುವುದು ಕಷ್ಟ.

ಹಾಗಾಗಿಯೇ ಬೆಂಗಳೂರಿನ ಈ ಭಾಗಕ್ಕೆ ಕೈಮಾ ಹೇಳಿಮಾಡಿಸಿದ ದಾರಿ ಎಂದು ನನ್ನ ದೃಢ ಅಭಿಪ್ರಾಯ. ಕರಗದ ಅಂಟುನಾರನ್ನು ಯಂತ್ರ ಸಣ್ಣ ಸಣ್ಣ ತುಂಡು ಮಾಡಿ ಕೊಡುತ್ತದೆ. ಒಲೆಯ ಮೇಲೆ ಎರಡು ಗಂಟೆ ಆಗಬೇಕಾದ ಕೆಲಸ ಅಂಗಡಿಯಲ್ಲಿ ಅರ್ಧ ನಿಮಿಷಕ್ಕೆ ಮುಗಿಯುತ್ತದೆ. "ಅರ್ಧ ಕೆಜಿ ಕೈಮಾ ಭಾಯ್, ಎರಡು ಸಲ ಮಷೀನಿಗೆ ಹಾಕಿ, ಸ್ವಲ್ಪ ಚರ್ಬಿ ಸೇರಿಸಿ" ಎಂದರೆ ಸಾಕು. ಚರ್ಬಿ ಏಕೆಂದರೆ ಎಮ್ಮೆ ಮಾಂಸದಲ್ಲಿ ಕೊಬ್ಬು ಕಡಿಮೆ. ಇರುವ ಕೊಬ್ಬೂ ಎಮ್ಮೆ ತುಪ್ಪದ ಹಾಗೆ ಬಿಳಿ, ಅದನ್ನು ನೋಡಿದರೇ ಎಮ್ಮೆಯದೆಂದು ಗೊತ್ತಾಗುತ್ತದೆ.

ಅರೆದದ್ದಕ್ಕೆ ಬೆಲೆ ತೆರಲೇಬೇಕು. ಅರ್ಧ ಕಿಲೋ ಮಾಂಸ ಸುಮಾರು 8 ಸೆಂಟಿಮೀಟರಿನ ಒಂದು ಘನ. ಅದನ್ನೇ 4 ಮಿಲಿಮೀಟರಿನ ತುಣುಕು ಮಾಡಿದರೆ ಹೊರಮೈ 20 ಪಟ್ಟಾಗುತ್ತದೆ. ಇದರಿಂದ ಎರಡು ಪರಿಣಾಮ. ಮೊದಲು ಮೇಲ್ಮೈಯಲ್ಲಷ್ಟೇ ಇದ್ದ ಸೂಕ್ಷ್ಮಜೀವಿಗಳು ಎಲ್ಲ ಕಡೆ ಬೆರೆಯುತ್ತವೆ, ಆದ್ದರಿಂದ ಕೈಮಾವನ್ನು ಕಣ್ಣೆದುರಿಗೇ ಅರೆಸಿ ಅವತ್ತೇ ಅಡುಗೆ ಮಾಡಬೇಕು, ಒಳಗೆಲ್ಲೂ 71 ಡಿಗ್ರಿಗಿಂತ ಕಡಿಮೆ ಇರುವಂತೆ ಬಿಡಬಾರದು. ಎರಡನೆಯದು ನಮ್ಮ ಒಗಟಿಗೆ ನೇರ ಸಂಬಂಧಿಸಿದ್ದು. ಒಡೆದ ಜೀವಕೋಶಗಳಿಂದ ನೀರು ಹೊರಬರಲು ಸಾವಿರ ಬಾಗಿಲು ತೆರೆದಂತಾಗುತ್ತದೆ.

ಬೂದು ಬಣ್ಣ ಎಲ್ಲಿಂದ

ಹಸಿ ಮಾಂಸದ ಕೆಂಪು ರಕ್ತದ್ದಲ್ಲ. ಸ್ನಾಯುವಿನೊಳಗೆ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವ ಮಯೋಗ್ಲೋಬಿನ್ ಎಂಬ ಪ್ರೋಟೀನಿನದು. ಅದಕ್ಕೆ ಸ್ನಾಯುಗೆಂಪು ಎಂದರೆ ನೆನಪಿನಲ್ಲಿ ಉಳಿದೀತು. ಎಮ್ಮೆ ಮಾಂಸದಲ್ಲಿ ಇದು ಹೆಚ್ಚು, ಆದ್ದರಿಂದಲೇ ಕಡುಗೆಂಪು. ಸುಮಾರು 60 ಡಿಗ್ರಿಯಿಂದ ಮುಂದೆ ಸ್ನಾಯುಗೆಂಪಿನ ರಚನೆ ಕೆಟ್ಟು ಅದು ಬೂದುಗಂದು ಬಣ್ಣಕ್ಕೆ ತಿರುಗುತ್ತದೆ.

ಬಾಣಲೆಯಲ್ಲಿ ಎರಡನೆಯ ನಿಮಿಷಕ್ಕೆ ಕಾಣಿಸುವ ಕಂದು ಇದೇ. ನೋಡಿದವರು "ಕೈಮಾ ಹುರಿದಾಯಿತು" ಎಂದು ಸಾಸ್ ಸುರಿಯುತ್ತಾರೆ. ಆಗಿರುವುದು ಬೇಯುವುದಷ್ಟೇ, ಹುರಿಯುವುದು ಇನ್ನೂ ಶುರುವೇ ಆಗಿಲ್ಲ. ಕುದಿನೀರಿನಲ್ಲಿ ಹಾಕಿದ ಮಾಂಸಕ್ಕೂ ಇದೇ ಬಣ್ಣ ಬರುತ್ತದೆ, ಅದರಿಂದ ಘಮವೇನೂ ಹೊಮ್ಮುವುದಿಲ್ಲ.

ಇದೇ ಹೊತ್ತಿಗೆ ಇನ್ನೊಂದು ಕೆಲಸವೂ ನಡೆದಿರುತ್ತದೆ. ಕೊಬ್ಬಿಲ್ಲದ ಮಾಂಸದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ನೀರು. ಸ್ನಾಯುವಿನ ಪ್ರೋಟೀನುಗಳು ಅದನ್ನು ತಮ್ಮ ಎಳೆಗಳ ನಡುವೆ ಹಿಡಿದಿಟ್ಟಿರುತ್ತವೆ. 50 ಡಿಗ್ರಿ ದಾಟುತ್ತಿದ್ದಂತೆ ಎಳೆಗಳು ಕುಗ್ಗತೊಡಗುತ್ತವೆ, 60-65ರ ಹೊತ್ತಿಗೆ ಅಂಟುನಾರೂ ಕುಗ್ಗಿ ಹಿಂಡುತ್ತದೆ. ಹಿಂಡಿದ ನೀರು ಬಾಣಲೆಯ ತಳಕ್ಕೆ ಇಳಿಯುತ್ತದೆ. "ಅಂಗಡಿಯವರು ನೀರು ಬೆರೆಸಿದ್ದಾರೆ" ಎಂದು ದೂರುವ ಮುನ್ನ ಇದನ್ನು ನೆನೆಯಬೇಕು. ಅದು ಆ ಪ್ರಾಣಿಯ ಮೈಯ ನೀರೇ.

97 ಡಿಗ್ರಿಯಲ್ಲೇ ನಿಲ್ಲುವುದೇಕೆ

ನೀರು ಇದ್ದರೇನು, ಉರಿ ಹೆಚ್ಚಿಸಿದರೆ ಆಯಿತಲ್ಲ ಎನ್ನಿಸಬಹುದು. ಆಗುವುದಿಲ್ಲ. ಮಂಗಳೂರಿನಲ್ಲಿ ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕಡಿಮೆ, ಆದ್ದರಿಂದ ಸುಮಾರು 97ಕ್ಕೇ ಕುದಿಯುತ್ತದೆ. ಕುದಿಯತೊಡಗಿದ ನೀರಿಗೆ ಎಷ್ಟೇ ಉರಿ ಕೊಟ್ಟರೂ ಬಿಸಿ ಏರದು, ಆವಿಯಷ್ಟೇ ಬೇಗ ಏಳುತ್ತದೆ. ಕೊಟ್ಟ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚು. ಶಾಲೆಯಲ್ಲಿ ಓದಿದ ಗುಪ್ತೋಷ್ಣ ಎಂದರೆ ಇದೇ.

ಆ ಖರ್ಚು ಸಣ್ಣದಲ್ಲ. ನಲ್ಲಿ ನೀರನ್ನು ಕುದಿಯುವವರೆಗೆ ಕಾಯಿಸಲು ಬೇಕಾದ ಶಾಖದ ಏಳು ಪಟ್ಟಿಗೂ ಹೆಚ್ಚು, ಅದೇ ನೀರನ್ನು ಪೂರ್ತಿ ಆವಿ ಮಾಡಲು ಬೇಕು. ಅರ್ಧ ಕಿಲೋ ಕೈಮಾ 100 ಗ್ರಾಂ ನೀರು ಬಿಟ್ಟರೂ ಮನೆಯ ಗ್ಯಾಸ್ ಒಲೆಯ ದೊಡ್ಡ ಬರ್ನರಿಗೆ ಅದನ್ನು ಒಣಗಿಸಲು ಎರಡು ಮೂರು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಮಾಂಸ ಇನ್ನಷ್ಟು ನೀರು ಬಿಟ್ಟಿರುತ್ತದೆ.

ಹಲಸೂರಿನ ಬೀದಿಗಳಲ್ಲಿ ಕೆಂಡದ ಪೆಟ್ಟಿಗೆಯಿಂದ ಇಸ್ತ್ರಿ ಮಾಡುವ ಗಾಡಿಗಳ ಮುಂದೆ ನಿಂತರೆ ಇದೇ ಪಾಠ ಕಣ್ಣಿಗೆ ಬೀಳುತ್ತದೆ. ಇಸ್ತ್ರಿಯವರು ಹತ್ತಿ ಅಂಗಿಯ ಮೇಲೆ ನೀರು ಚಿಮುಕಿಸಿ, ಕಾದ ಪೆಟ್ಟಿಗೆಯನ್ನು ಒತ್ತುತ್ತಾರೆ. ಚುಸ್ ಎಂದು ಆವಿ ಏಳುತ್ತದೆ. ಆವಿ ಏಳುತ್ತಿರುವಷ್ಟು ಹೊತ್ತು ಬಟ್ಟೆಗೆ ಏನೂ ಆಗದು, ಏಕೆಂದರೆ ಒದ್ದೆ ಬಟ್ಟೆ ನೂರು ಡಿಗ್ರಿಯನ್ನು ದಾಟಲಾರದು. ತೇವ ಆರಿದ ಮೇಲೂ ಪೆಟ್ಟಿಗೆ ಅಲ್ಲೇ ನಿಂತರೆ ನೋಡನೋಡುತ್ತಲೇ ಕಂದು ಕಲೆ. ಅಂಗಿಯ ಮಟ್ಟಿಗೆ ಅದು ಅನಾಹುತ. ಕೈಮಾದ ಮಟ್ಟಿಗೆ ನಮಗೆ ಬೇಕಾದದ್ದೇ ಆ ಕ್ಷಣ.

ಕೆಂಡದ ಮೇಲಿನ ಕಬಾಬ್ ಏಕೆ ಗೆಲ್ಲುತ್ತದೆ ಎಂಬುದೂ ಇಲ್ಲೇ ಬಿಡಿಸಿಕೊಳ್ಳುತ್ತದೆ. ಸರಳಿಗೆ ತಳವಿಲ್ಲ, ಗೋಡೆಯಿಲ್ಲ. ಹೊರಬಂದ ನೀರು ಕೆಳಗೆ ತೊಟ್ಟಿಕ್ಕುತ್ತದೆ, ಇಲ್ಲವೇ ಗಾಳಿಗೆ ಹಾರುತ್ತದೆ. ಅಂಗಡಿಯವರು ಬೀಸಣಿಗೆ ಬೀಸಿದಾಗ ಕೆಂಡ ನಿಗಿನಿಗಿಯಾಗುವುದರ ಜೊತೆಗೆ ಆವಿಯೂ ಚದುರುತ್ತದೆ. ಮಾಂಸದ ಹೊರಪದರ ಬೇಗ ಒಣಗಿ 97ನ್ನು ದಾಟುತ್ತದೆ. ಆಳವಾದ ಬಾಣಲೆಯಲ್ಲಾದರೆ ಆವಿ ರಾಶಿಯ ನಡುವೆಯೇ ಸುತ್ತುತ್ತದೆ. ಮುಚ್ಚಳ ಹಾಕಿದರಂತೂ ಮತ್ತೆ ನೀರಾಗಿ ಕೆಳಗೇ ಬೀಳುತ್ತದೆ.

ಹುರಿಗೆಂಪು

97 ದಾಟಿದ ಮೇಲೆ ಏನಾಗುತ್ತದೆ? ಪ್ರೋಟೀನಿನ ಬಿಡಿ ಇಟ್ಟಿಗೆಗಳಾದ ಅಮೈನೋ ಆಮ್ಲಗಳು ಸಕ್ಕರೆಯ ಕೆಲವು ಬಗೆಗಳೊಂದಿಗೆ ಕೂಡಿಕೊಳ್ಳುತ್ತವೆ. ಕೂಡಿದ್ದು ಒಡೆಯುತ್ತದೆ, ಒಡೆದದ್ದು ಮತ್ತೆ ಬೇರೆಯದರೊಂದಿಗೆ ಕೂಡುತ್ತದೆ. ಹೀಗೆ ನೂರಾರು ಹೊಸ ವಸ್ತುಗಳು ಹುಟ್ಟುತ್ತವೆ. ಕೆಲವಕ್ಕೆ ಬಣ್ಣ, ಕೆಲವಕ್ಕೆ ವಾಸನೆ. 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಯ್ ಮೈಯಾರ್ ಇದನ್ನು ಮೊದಲು ವಿವರಿಸಿದ್ದರಿಂದ ಇದು ಮೈಯಾರ್ ಕ್ರಿಯೆ ಎನಿಸಿಕೊಂಡಿದೆ. 1953ರಲ್ಲಿ ಅಮೆರಿಕದ ಕೃಷಿ ಇಲಾಖೆಯ ರಸಾಯನವಿಜ್ಞಾನಿ ಜಾನ್ ಹಾಜ್ ಇದರ ಹಂತಗಳನ್ನು ಒಂದು ನಕ್ಷೆಗೆ ತಂದರು. ಕೆಂಪಗೆ ಹುರಿಯುವುದು ಎಂದು ನಾವು ಹೇಳುತ್ತ ಬಂದಿರುವುದರಿಂದ ಇಲ್ಲಿ ಹುರಿಗೆಂಪು ಎಂದು ಕರೆಯುತ್ತೇನೆ. ದೋಸೆಯ ಹೊಂಬಣ್ಣ, ಕಾಫಿ ಬೀಜದ ಕಂದು, ಹುರಿದ ಕಡಲೆಕಾಯಿಯ ವಾಸನೆ, ಇವೆಲ್ಲದರಲ್ಲೂ ಇದರ ಕೈ ಇದೆ.

ಮಾಂಸಕ್ಕೆ ಮಾಂಸದ್ದೇ ವಾಸನೆ ಬರುವುದು ಇದರ ಒಂದು ವಿಶೇಷ ಕವಲಿನಿಂದ. ಸ್ನಾಯುವಿನ ಶಕ್ತಿಯ ಅಣುಗಳು ಒಡೆದಾಗ ರೈಬೋಸ್ ಎಂಬ ಸಕ್ಕರೆ ಸಿಗುತ್ತದೆ. ಗಂಧಕವಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲದ ಜೊತೆ ಅದು ಕಾದರೆ ಹುರಿದ ಮಾಂಸದ ವಾಸನೆ. ಬ್ರಿಟನ್ನಿನಲ್ಲಿ 1960ರಲ್ಲಿ ಇದಕ್ಕೆ ಪೇಟೆಂಟ್ ಕೂಡ ಆಯಿತು. ಮಾಂಸವೇ ಇಲ್ಲದೆ ಮಾಂಸದ ವಾಸನೆ ತರುವ ಸೂಪ್ ಪುಡಿಗಳ ಹಿಂದೆ ಇರುವುದು ಈ ಜೋಡಿ.

ಹುರಿಗೆಂಪಿಗೆ ಇಂತಿಷ್ಟೇ ಡಿಗ್ರಿ ಎಂಬ ಗೆರೆಯಿಲ್ಲ. 97 ಡಿಗ್ರಿಯಲ್ಲೂ ನಡೆಯುತ್ತದೆ, ಆದರೆ ಗಂಟೆಗಳು ಬೇಕು. ಸುಮಾರು 140 ಡಿಗ್ರಿಯ ಹೊತ್ತಿಗೆ ನಿಮಿಷಗಳ ಮಾತಾಗುತ್ತದೆ. ಇನ್ನೂ ಮೇಲೆ ಹೋಗುತ್ತ ಹೋಗುತ್ತ ಕಂದು ಕಪ್ಪಾಗಿ, ಕಹಿಯಾಗುತ್ತದೆ. ಅರ್ಧ ಗಂಟೆಯ ಊಟಕ್ಕೆ ಬೇಕಾದ ಬಿಸಿಯ ಪಟ್ಟಿ ಇವೆರಡರ ನಡುವೆ, ಬಹಳ ಕಿರಿದು. ಅದರೊಳಗೆ ಹೋಗಲು ಬಿಡದೆ ಬಾಗಿಲಲ್ಲಿ ನಿಂತಿರುವುದು ನೀರು.

ಒಂದು ನಂಬಿಕೆಯನ್ನು ಇಲ್ಲಿಯೇ ಬಿಡಬೇಕು. ಹೊರಗೆ ಕೆಂಪಗಾದರೆ ರಸ ಒಳಗೇ ಮುದ್ರೆಯಾಗಿ ಉಳಿಯುತ್ತದೆ ಎಂದು ಅಡುಗೆ ಪುಸ್ತಕಗಳು ಹೇಳುತ್ತವೆ. 1847ರಲ್ಲಿ ಜರ್ಮನಿಯ ಮಹಾ ರಸಾಯನವಿಜ್ಞಾನಿ ಯೂಸ್ಟುಸ್ ಫಾನ್ ಲೀಬಿಗ್ ಬರೆದ ಪುಸ್ತಕದಿಂದ ಇದು ಬೇರೂರಿತು. ನಿಜವಲ್ಲ. ಕೆಂಪಗಾದ ಮೇಲೂ ಮಾಂಸ ಸದ್ದು ಮಾಡುತ್ತಲೇ ಇರುತ್ತದೆ, ಆ ಸದ್ದು ಒಳಗಿನ ನೀರು ಹೊರಬಂದು ಆವಿಯಾಗುವುದರದು. ಹುರಿಯುವುದು ರುಚಿಗಾಗಿ, ರಸ ಹಿಡಿದಿಡಲು ಅಲ್ಲ.

ಸೀಸೆಯಲ್ಲೇ ಇರುವ ಜೋಡಿ

ಕೊರಿಯಾದ ಅಡುಗೆಯ ಸಾಮಗ್ರಿಗಳನ್ನು ಈ ಕಣ್ಣಿನಿಂದ ನೋಡಿದರೆ ಅವರ ಜಾಣ್ಮೆ ಮೆಚ್ಚಬೇಕು. ಸೋಯಾ ಸಾಸಿನಲ್ಲಿ ಒಂದು ಬಗೆಯ ಬೂಷ್ಟು ಸೋಯಾ ಕಾಳಿನ ಪ್ರೋಟೀನನ್ನು ಅಮೈನೋ ಆಮ್ಲಗಳಾಗಿ, ಗೋಧಿಯ ಗಂಜಿಯನ್ನು ಗ್ಲೂಕೋಸಾಗಿ ಒಡೆದಿರುತ್ತದೆ. ಹುರಿಗೆಂಪಿಗೆ ಬೇಕಾದ ಎರಡೂ ಒಂದೇ ಸೀಸೆಯಲ್ಲಿ. ತಿಂಗಳುಗಟ್ಟಲೆ ಹುದುಗಿದ ಸಾಸಿನ ಕಂದು ಕೂಡ ಒಲೆಯಿಲ್ಲದೆ ನಿಧಾನವಾಗಿ ಆದ ಹುರಿಗೆಂಪೇ. ಗೋಚುಜಾಂಗಿನಲ್ಲಿ ಅಕ್ಕಿ, ಹುದುಗಿಸಿದ ಸೋಯಾ ಎರಡೂ ಇವೆ. ಅದರಲ್ಲಿ ಅರೆದ ಮಾಂಸ, ಜೇನು ಹಾಕಿ ಹುರಿದಿಟ್ಟುಕೊಳ್ಳುವ ಯಾಕ್ ಗೋಚುಜಾಂಗ್ ಕೊರಿಯಾದ ಹಳೆಯ ಪದಾರ್ಥ, ನಮ್ಮ ಈ ಊಟದ ಹತ್ತಿರದ ನೆಂಟ.

ಬುಲ್ಗೋಗಿಯ ಪೇರ್ ಹಣ್ಣು ಮಾಂಸ ಮೆತ್ತಗಾಗಿಸುವ ಕಿಣ್ವವನ್ನೂ, ಗ್ಲೂಕೋಸ್, ಫ್ರಕ್ಟೋಸ್ ಸಕ್ಕರೆಗಳನ್ನೂ ತರುತ್ತದೆ. ಶಿವಾಜಿನಗರದ ಕಬಾಬಿಗೆ ಕಾಯಿ ಪಪ್ಪಾಯ ಅರೆದು ಹಾಕುವುದು ಮೊದಲನೆಯ ಕಾರಣಕ್ಕೆ. ಕೈಮಾದಲ್ಲಿ ಯಂತ್ರವೇ ಆ ಕೆಲಸ ಮುಗಿಸಿರುವುದರಿಂದ ಪೇರ್ ಬೇಡ, ಪಪ್ಪಾಯವೂ ಬೇಡ. ಸಿಹಿಗೆ ಬಿಳಿ ಸಕ್ಕರೆಗಿಂತ ಬೆಲ್ಲ ಮೇಲು. ಬಿಳಿ ಸಕ್ಕರೆ ಒಡೆಯದ ಹೊರತು ಹುರಿಗೆಂಪಿಗೆ ಕೈಜೋಡಿಸದು. ಬೆಲ್ಲದಲ್ಲಿ ಒಡೆದ ಸಕ್ಕರೆ ಒಂದಷ್ಟು ಆಗಲೇ ಇರುತ್ತದೆ. ಗೋಚುಜಾಂಗ್ ಸಿಗದಿದ್ದರೆ ಬ್ಯಾಡಗಿ ಮೆಣಸಿನಕಾಯಿ ನೆನೆಸಿ, ಸೋಯಾ ಸಾಸ್ ಮತ್ತು ಬೆಲ್ಲದೊಂದಿಗೆ ನುಣ್ಣಗೆ ಅರೆಯಿರಿ. ಬಣ್ಣ ಹೆಚ್ಚು, ಖಾರ ಕಡಿಮೆ ಎಂಬ ಗುಣದಲ್ಲಿ ಕೊರಿಯಾದ ಮೆಣಸಿನಪುಡಿಗೆ ಹಾವೇರಿ ಸೀಮೆಯ ಬ್ಯಾಡಗಿ ಬಹಳ ಹತ್ತಿರ. ಹುದುಗಿನ ಹುಳಿರುಚಿ ಮಾತ್ರ ಬರುವುದಿಲ್ಲ.

ಒಲೆಯ ಮುಂದೆ

ಅರ್ಧ ಕಿಲೋ ಕೈಮಾಕ್ಕೆ ಕಾಲು ಟೀಚಮಚ ಅಡುಗೆ ಸೋಡಾವನ್ನು ಎರಡು ಚಮಚ ನೀರಿನಲ್ಲಿ ಕದಡಿ ಬೆರೆಸಿ, 15 ನಿಮಿಷ ಬಿಡಿ. ಅಷ್ಟರಲ್ಲಿ ಅನ್ನಕ್ಕಿಡಬಹುದು. ಸೋಡಾ ಮಾಂಸದ ಹುಳಿಯನ್ನು ತಗ್ಗಿಸುತ್ತದೆ. ಆಗ ಪ್ರೋಟೀನಿನ ಎಳೆಗಳು ಒಂದನ್ನೊಂದು ದೂರ ತಳ್ಳಿ, ಕಾದಾಗಲೂ ಅಷ್ಟಾಗಿ ಕುಗ್ಗದೆ ನೀರನ್ನು ಹಿಡಿದುಕೊಳ್ಳುತ್ತವೆ. ಹುಳಿ ತಗ್ಗಿದ ಕಡೆ ಹುರಿಗೆಂಪೂ ಚುರುಕು. ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ, ಅಳತೆ ಮೀರಬೇಡಿ. ಉಪ್ಪನ್ನು ಈಗಲೇ ಹಾಕಿ ನಾದಬೇಡಿ. ಉಪ್ಪು ಕೆಲವು ಪ್ರೋಟೀನುಗಳನ್ನು ಕರಗಿಸಿ ಕೈಮಾವನ್ನು ಅಂಟಂಟಾಗಿಸುತ್ತದೆ. ಸರಳಿಗೆ ಮೆತ್ತುವ ಕಬಾಬಿಗೂ, ಕೈಮಾ ಉಂಡೆಗೂ ಅದು ಬೇಕು, ಇಲ್ಲಿ ಬೇಡ.

ಮನೆಯಲ್ಲಿರುವ ಅತಿ ಅಗಲದ ಪಾತ್ರೆ ಇಡಿ. ದೋಸೆ ಹುಯ್ಯುವ ಬೀಡಿನ ಕಾವಲಿ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಅದು ದಪ್ಪ, ತಣ್ಣನೆಯ ಮಾಂಸ ಬಿದ್ದರೂ ಬೇಗ ಸೋಲುವುದಿಲ್ಲ, ಅಂಚಿಲ್ಲದ್ದರಿಂದ ಆವಿಗೂ ತಡೆಯಿಲ್ಲ. ಚೆನ್ನಾಗಿ ಕಾದ ಮೇಲೆ ಎರಡು ಚಮಚ ಎಣ್ಣೆ, ಕೈಮಾದಲ್ಲಿ ಅರ್ಧ ಮಾತ್ರ. ತೆಳ್ಳಗೆ ಹರಡಿ ಕೈ ತೆಗೆಯಿರಿ. ಪದೇಪದೇ ಕೆದಕಿದರೆ ಯಾವ ತುಣುಕಿಗೂ ಒಣಗುವಷ್ಟು ಬಿಡುವು ಸಿಗುವುದಿಲ್ಲ.

ಇನ್ನು ಕಿವಿಯ ಕೆಲಸ. ಮೊದಲು ಗುಳುಗುಳು, ಮಂದವಾದ ಸದ್ದು, ಬಿಳಿ ಆವಿ ದಟ್ಟವಾಗಿ ಏಳುತ್ತಿರುತ್ತದೆ. ಕ್ರಮೇಣ ಆವಿ ತೆಳುವಾಗುತ್ತದೆ, ತುಣುಕುಗಳ ಸುತ್ತ ಕಲಕಿದ ನೀರಿನ ಬದಲು ತಿಳಿಯಾದ ಕೊಬ್ಬು ಮಿನುಗತೊಡಗುತ್ತದೆ. ಸದ್ದು ಚಟಪಟ ಎಂದು ತೆಳ್ಳಗೆ, ಚೂಪಾಗಿ ಬದಲಾಗುತ್ತದೆ. ಆ ಕ್ಷಣಕ್ಕೆ ಬಾಗಿ ನೋಡಿದರೆ ಕೆಳಗಿನ ಅಂಚುಗಳಲ್ಲಿ ಬೂದು ಹೋಗಿ ಕೆಂಗಂದು ಗೆರೆ ಮೂಡಿರುವುದು ಕಾಣುತ್ತದೆ. "ಎಣ್ಣೆ ಬಿಡುವವರೆಗೆ ಹುರಿ" ಎಂದು ನಮ್ಮ ಅಜ್ಜಿಯರು ಹೇಳುವುದು ಈ ಗುರುತನ್ನೇ. ನೀರಿಂಗದೆ ಎಣ್ಣೆ ಬೇರೆಯಾಗುವುದಿಲ್ಲ, ನೀರಿಂಗದೆ ಬಿಸಿ 97 ದಾಟುವುದಿಲ್ಲ. ಥರ್ಮಾಮೀಟರಿನ ಕೆಲಸವನ್ನು ಅವರು ಕಣ್ಣು ಕಿವಿಗಳಿಂದಲೇ ಮಾಡುತ್ತಿದ್ದರು.

ಈಗ ಒಮ್ಮೆ ಮಗುಚಿ, ಇನ್ನೊಂದು ನಿಮಿಷ ಬಿಟ್ಟು ತೆಗೆದಿಡಿ. ಉಳಿದರ್ಧವನ್ನೂ ಹೀಗೇ ಹುರಿಯಿರಿ. ಎರಡನ್ನೂ ಕಾವಲಿಗೆ ಸೇರಿಸಿ, ಜಜ್ಜಿದ ಬೆಳ್ಳುಳ್ಳಿ ಶುಂಠಿ ಹಾಕಿ ಹಸಿ ವಾಸನೆ ಹೋಗುವವರೆಗೆ ಮಾತ್ರ ಕೈಯಾಡಿಸಿ. ಮೊದಲೇ ಹಾಕಿದ್ದರೆ ಈ ಹೊತ್ತಿಗೆ ಬೆಳ್ಳುಳ್ಳಿ ಕರಕಲಾಗಿರುತ್ತಿತ್ತು. ಮೂರು ಚಮಚ ಸೋಯಾ ಸಾಸ್, ಒಂದು ಚಮಚ ಬೆಲ್ಲದ ಪುಡಿ, ಒಂದು ಚಮಚ ಗೋಚುಜಾಂಗ್ ಕಲಸಿಟ್ಟದ್ದನ್ನು ಕಡೆಗೆ ಹುಯ್ಯಿರಿ. ಸಾಸೂ ಬಹುಪಾಲು ನೀರೇ, ಮೊದಲೇ ಹಾಕಿದರೆ ಮತ್ತೆ 97ಕ್ಕೇ ಇಳಿಯುತ್ತೇವೆ. ಕಡೆಗೆ ಬಂದರೆ ಅರ್ಧ ನಿಮಿಷದಲ್ಲಿ ಅದರ ನೀರೂ ಇಂಗಿ, ಬೆಲ್ಲ ಪ್ರತಿ ತುಣುಕಿಗೂ ಹೊಳಪಾಗಿ ಹತ್ತಿಕೊಳ್ಳುತ್ತದೆ.

ಇಷ್ಟು ಹೊತ್ತು ದೂರವಿಟ್ಟ ನೀರನ್ನು ಈಗ ಎರಡು ಚಮಚ ಹಾಕಬೇಕು. ಕಾವಲಿಯ ತಳಕ್ಕೆ ಹತ್ತಿರುವ ಕಂದು ಪದರ ಹುರಿಗೆಂಪಿನ ಸಾರವೇ. ಅದರ ಬಹುಪಾಲು ಎಣ್ಣೆಯಲ್ಲಿ ಕರಗದು, ಬಿಸಿ ನೀರಿನಲ್ಲಿ ಕರಗುತ್ತದೆ. ಮೊಗಚೆಕಾಯಿಯಿಂದ ಕೆರೆದು ಬೆರೆಸಿಕೊಂಡರೆ ತಳದಲ್ಲಿ ಉಳಿಯಲಿದ್ದ ರುಚಿ ತಟ್ಟೆಗೆ ಬರುತ್ತದೆ. ಹುರಿದ ಎಳ್ಳಿನ ಎಣ್ಣೆಯನ್ನು ಒಲೆ ಆರಿಸಿದ ಮೇಲೆಯೇ ಹಾಕಿ, ಅದರ ಘಮ ಎಳ್ಳು ಹುರಿದಾಗಲೇ ಹುಟ್ಟಿದ್ದು, ಮತ್ತೆ ಕಾಯಿಸಿದರೆ ಹಾರಿಹೋಗುತ್ತದೆ. ನಮ್ಮ ಅಂಗಡಿಗಳ ಸಾದಾ ಎಳ್ಳೆಣ್ಣೆ ಹಸಿ ಎಳ್ಳಿನದು, ಅದು ಇದಕ್ಕೆ ಬದಲಿಯಲ್ಲ. ಒಂದು ಚಮಚ ಎಳ್ಳನ್ನು ಚಟಗುಟ್ಟುವಂತೆ ಹುರಿದು ಒರಟಾಗಿ ಕುಟ್ಟಿ ಉದುರಿಸಿದರೂ ಸಾಕು.